ಮೈದುನನಿಗೆ ಕುಡಿತ ಬಿಡಬೇಕಂತೆ: ಎಎ ಮೀಟಿಂಗ್‌ಗೆ ಹೋಗಿ ಬಂದವರು ಹೇಳಿ

ಕೇಳಿದವರು, ಹಾವೇರಿ

ನನ್ನ ಮೈದುನ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ದಿನಾ ಕುಡಿಯುತ್ತಾನೆ, ಈಗ ಬೆಳಿಗ್ಗೆಯೂ ಶುರುವಾಗಿದೆ. ಮೊನ್ನೆ ತಾನಾಗಿಯೇ "ವೈನಿ, ಬಿಡಬೇಕು ಅನಸ್ತದ" ಅಂದ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ನಡೆಸುವ ಬಳಗವಂತೆ. ಅದರ ಮೀಟಿಂಗ್ ಎಲ್ಲಿ ಹುಡುಕಬೇಕು? ಒಳಗೆ ಏನು ನಡೆಯುತ್ತದೆ, ಖರ್ಚೆಷ್ಟು? ಊರಿಗೆ ಗೊತ್ತಾದರೆ ಹೆಣ್ಣು ಸಿಗುವುದಿಲ್ಲ ಅಂತ ಅತ್ತೆಗೆ ಚಿಂತೆ.

ಹುಬ್ಬಳ್ಳಿಯಿಂದ

ಅಕ್ಕಾ, ನಾನೂ ಎಎ ಸದಸ್ಯ. ಖರ್ಚಿನ ಮಾತು ಮೊದಲು ಮುಗಿಸುತ್ತೇನೆ. ಫೀಸಿಲ್ಲ, ಫಾರ್ಮ್ ತುಂಬುವುದಿಲ್ಲ. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಹಾಲ್ ಬಾಡಿಗೆ, ಚಹಾಕ್ಕೆ ಅಂತ ಸದಸ್ಯರು ಡಬ್ಬಿಗೆ ಇಷ್ಟಿಷ್ಟು ಹಾಕುತ್ತಾರೆ. ಹೊಸಬರು ಹಾಕದೆ ಪಕ್ಕದವರಿಗೆ ದಾಟಿಸಿದರೂ ಯಾರೂ ಏನೂ ಅನ್ನುವುದಿಲ್ಲ.

ಒಳಗೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಮ್ಮ ಕಡೆ ಕುಡಿಯುವವನಿಗೆ ಬುದ್ಧಿ ಹೇಳದವರೇ ಇಲ್ಲ, ಅಲ್ವಾ? ಹಾಗಾಗಿ ನನಗೆ ಅದೇ ದೊಡ್ಡ ಆರಾಮ ಅನಿಸಿತು. ಮಾತಾಡಲು ಮನಸ್ಸಿಲ್ಲದಿದ್ದರೆ "ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಮುಗಿಯಿತು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಕುಡಿತಕ್ಕೆ ಸಿಕ್ಕ ಇಬ್ಬರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್, ಕೂತು ಮಾತಾಡಿದ್ದರಿಂದ ಶುರುವಾದದ್ದು ಇದು. ಇವತ್ತಿಗೂ ಪದ್ಧತಿ ಅಷ್ಟೇ. ಕುಡಿತ ಬಿಟ್ಟು ಬಾಳಲು ಎಎ ಹಾಕಿಕೊಟ್ಟ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಯಾವ ದೇವರು ಅನ್ನುವುದು ಅವರವರಿಗೆ ಬಿಟ್ಟದ್ದು.

ಹೆಣ್ಣಿನ ಚಿಂತೆಗೆ ಒಂದು ಮಾತು. ಅವನು ಕುಡಿಯುವುದು ಬ್ಯಾಡಗಿ ಪೇಟೆಗೆ ಇನ್ನೂ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಬಾರಿನ ಮುಂದೆ ಗಾಡಿ ನಿಲ್ಲಿಸುವಾಗ ಇಲ್ಲದ ನಾಚಿಕೆ ಮೀಟಿಂಗ್ ಬಾಗಿಲಲ್ಲಿ ಎಲ್ಲರಿಗೂ ಬರುತ್ತದೆ. ಮೊದಮೊದಲು ಬೇಕಾದರೆ ಹುಬ್ಬಳ್ಳಿಗೇ ಬರಲಿ, ಗುರುತಿನವರು ಕಡಿಮೆ. ಆದರೆ ದೂರದ ಮೀಟಿಂಗನ್ನೇ ನೆಚ್ಚಿಕೊಂಡರೆ ಬಹಳ ದಿನ ನಡೆಯುವುದಿಲ್ಲ. ಮಳೆ, ಮೆಣಸಿನಕಾಯಿ ಸೀಸನ್, ತಪ್ಪಿಸಲು ಏನೋ ಒಂದು ನೆವ ಸಿಗುತ್ತದೆ. ಹತ್ತಿರದ್ದು ಸಿಕ್ಕರೆ ಅದಕ್ಕೇ ಹೋಗಲಿ, ಉಳಿದ ದಿನ ಮೊಬೈಲಿನಲ್ಲಿ ಆನ್‌ಲೈನ್ ಮೀಟಿಂಗ್ ಸೇರಲಿ.

ಎಎ ಇಂಡಿಯಾದ ವೆಬ್‌ಸೈಟಿನಿಂದ ಸಂಪರ್ಕ ಸಿಗುತ್ತದೆ. ಮೀಟಿಂಗ್ ಜಾಗ, ಹೊತ್ತು ಬದಲಾಗುತ್ತಿರುತ್ತವೆ. ಯಾರೋ ಕಳಿಸಿದ ಹಳೆಯ ಪಟ್ಟಿ ನೋಡಿ ಬಸ್ ಹತ್ತಬೇಡಿ. ಫೋನ್ ಮಾಡಿ ಕೇಳಿ. ಆ ಫೋನ್ ಅವನೇ ಮಾಡಿದರೆ ಒಳ್ಳೆಯದು.

ಧಾರವಾಡದಿಂದ, ನರ್ಸ್

ಅಣ್ಣಾವರು ಹೇಳಿದ್ದೆಲ್ಲ ಸರಿ, ಆದರೆ ಮೀಟಿಂಗ್‌ಗಿಂತ ಮೊದಲು ಡಾಕ್ಟರು. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದಾ, ಬೆವರುತ್ತಾನಾ, ನೋಡಿ. ಹಾಗಿದ್ದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜೀವಕ್ಕೇ ಅಪಾಯ. ಮನೆಯವರು ದೆವ್ವ ಹಿಡಿದಿದೆ ಅಂತ ತಾಯತ ಕಟ್ಟಿಸಿ, ಆಮೇಲೆ ಕರೆತಂದ ರೋಗಿಗಳನ್ನು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ನಡುಕ ಇಳಿಸುವ ಔಷಧಿ, ಬಿ1 ವಿಟಮಿನ್ ಕೊಟ್ಟು ಸಂಭಾಳಿಸುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್. ಡಿಮ್ಹಾನ್ಸ್ ಅಂದರೆ "ಹುಚ್ಚರ ದವಾಖಾನೆ" ಅಂತ ಹಿಂಜರಿಯುವವರು ಈಗಲೂ ಇದ್ದಾರೆ. ಅಲ್ಲಿಗೆ ಕುಡಿತ ಬಿಡಲು ಬರುವವರೂ ಇರುತ್ತಾರೆ. ರಾತ್ರಿ ಹೊತ್ತು ಏನು ಮಾಡಬೇಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಸೀದಾ 108.

ಗದಗದಿಂದ

ಅಕ್ಕಾ, ನಿಮಗೂ ಬೇರೆ ಮೀಟಿಂಗ್ ಇದೆ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಅಂತ, 1951ರಿಂದ ನಡೆದುಬಂದದ್ದು. ನಮ್ಮ ಯಜಮಾನರು ಮೀಟಿಂಗ್‌ಗೆ ಹೋಗುವ ಮೊದಲೇ ನಾನು ಆನ್‌ಲೈನಿನಲ್ಲಿ ಅದಕ್ಕೆ ಸೇರಿದೆ. ಅವರ ಜೇಬು ತಪಾಸಣೆ ಮಾಡುವುದು, ಬಾಟಲಿ ಹುಡುಕುವುದು ಬಿಟ್ಟ ಮೇಲೆ ನನಗೆ ನಿದ್ದೆ ಬಂತು. ಅವರು ಬಿಟ್ಟದ್ದು ಆಮೇಲೆ, ಬಹಳ ಆಮೇಲೆ.

ಇನ್ನೊಂದು. "ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಅನ್ನುವ ಜಾಹೀರಾತಿನ ಪುಡಿ, ಮಾತ್ರೆ ತರಬೇಡಿ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದನ್ನು ತೆಗೆದುಕೊಳ್ಳುತ್ತಿರುವಾಗ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಇಳಿಯುವುದು ಎಲ್ಲ ಆಗುತ್ತದೆ. ಡಾಕ್ಟರು ಕೊಡಬೇಕು, ಅವನಿಗೆ ಗೊತ್ತಿದ್ದೇ ತೆಗೆದುಕೊಳ್ಳಬೇಕು.

ಶಿಗ್ಗಾಂವಿಯಿಂದ

ನಾನು ಬಿಟ್ಟದ್ದು ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ. ಅಲ್ಲೇ ಉಳಿದುಕೊಳ್ಳಬೇಕು, ಮನೆಯವರನ್ನೂ ಕರೆಸುತ್ತಾರೆ. ಆಮೇಲೆ ನವಜೀವನ ಸಮಿತಿ ಅಂತ ಊರಲ್ಲೇ ಸೇರುತ್ತೇವೆ. ಎಎಗಿಂತ ಇದೇ ಮೇಲು ಅಂತ ವಾದ ಮಾಡುವುದಿಲ್ಲ. ನಮ್ಮ ಮಾವ ಇಳಕಲ್ಲಿನ ಮಹಾಂತ ಶಿವಯೋಗಿಗಳ ಜೋಳಿಗೆಗೆ ಚಟ ಹಾಕಿ, ಅಂದರೆ ಬಿಡುತ್ತೇನೆ ಅಂತ ಮಾತು ಕೊಟ್ಟು ಬಂದವರು, ಮತ್ತೆ ಮುಟ್ಟಲಿಲ್ಲ. ಆದರೆ ಶಿಬಿರದಿಂದ ಹಾರ ಹಾಕಿಸಿಕೊಂಡು ಬಂದು, ಸಮಿತಿಗೆ ಬಾರದೆ, ಮುಂದಿನ ಜಾತ್ರೆಗೆ ಮತ್ತೆ ಹಿಡಿದವರೂ ನಮ್ಮಲ್ಲಿದ್ದಾರೆ. ಎಲ್ಲಿಗಾದರೂ ಸರಿ, ಆಮೇಲೂ ಹೋಗುತ್ತಿರಬೇಕು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಸೋಮವಾರ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಹುಬ್ಬಳ್ಳಿ ಅಣ್ಣಾ, ಮೀಟಿಂಗ್‌ಗೆ ಅವನ ಜೊತೆ ನಾನೂ ಒಳಗೆ ಬರಬಹುದಾ?

ಹುಬ್ಬಳ್ಳಿಯಿಂದ

ಓಪನ್ ಮೀಟಿಂಗ್ ಆದರೆ ಬರಬಹುದು. ಕ್ಲೋಸ್ಡ್ ಇದ್ದರೆ ಬಿಡಬೇಕು ಅನ್ನುವವರಿಗೆ ಮಾತ್ರ. ಫೋನಿನಲ್ಲೇ ಕೇಳಿಕೊಳ್ಳಿ. ಹೊರಡುವ ಮೊದಲು ಅವನಿಗೆ ಹೊಟ್ಟೆ ತುಂಬ ತಿನ್ನಿಸಿ, ಹಸಿದಾಗ ಕುಡಿಯುವ ಆಸೆ ಜಾಸ್ತಿ. ಒಬ್ಬನೇ ಬಂದರೆ ಮೀಟಿಂಗ್ ಮುಗಿದ ಮೇಲೆ ಬಸ್ ಹತ್ತಿಸಲು ಯಾರಾದರೂ ಬರುತ್ತೀರಾ ಅಂತ ಅವನೇ ಕೇಳಲಿ. ನಾಚಿಕೆ ಬೇಡ, ನಮ್ಮನ್ನೂ ಹಾಗೇ ಹತ್ತಿಸಿದ್ದಾರೆ.