ಚೀಟಿ ಕಿತ್ತು ಮೂಸಿದರೆ: ನಾವು ಕೂಡಿಡುವುದು ಗಂಧವನ್ನೋ, ಹೆಸರನ್ನೋ?

ಲಾವಂಚ (ಮೈಸೂರು)
ಅತ್ತರು, ಸುಗಂಧ ತೈಲಗಳ ಹುಚ್ಚು ಹಿಡಿದ ನಾವು ಕೆಲವರು ಆಗಾಗ ಒಂದೆಡೆ ಸೇರಿ ಸೀಸೆಗಳನ್ನು ಬಿಚ್ಚುತ್ತೇವೆ. ಈ ಸಲ ನಾನೊಂದು ಕುಚೇಷ್ಟೆ ಮಾಡಿದೆ. ಮೂರು ಶ್ರೀಗಂಧದ ಎಣ್ಣೆಗಳ ಚೀಟಿ ಕಿತ್ತು ಅ, ಆ, ಇ ಎಂದಷ್ಟೇ ಗುರುತು ಹಾಕಿ ಎಲ್ಲರ ಮುಂದಿಟ್ಟೆ. 'ಅ' ನಮ್ಮ ರಾಜ್ಯದ ಸರ್ಕಾರಿ ಕಾರ್ಖಾನೆಯ ಎಣ್ಣೆ. 'ಆ' ಪಶ್ಚಿಮ ಆಸ್ಟ್ರೇಲಿಯಾದ ಕುನುನುರ ಪ್ರದೇಶದ ತೋಟಗಳದ್ದು. ಅದೂ ಸ್ಯಾಂಟಲಮ್ ಆಲ್ಬಮ್, ನಮ್ಮದೇ ಜಾತಿಯ ಮರ. 'ಇ' ಅಂಗಡಿಯೊಂದು 'ಅಸಲಿ ಮೈಸೂರು ಚಂದನ' ಎಂದು ಮಾರಿದ್ದು. ಅದು ಕೃತಕ ಎಂಬುದನ್ನು ಅದರ ಬೆಲೆಯೇ ಸಾರುತ್ತಿತ್ತು. ಕಾಗದದ ಪಟ್ಟಿಗಳನ್ನು ಅದ್ದಿ ಎಲ್ಲರೂ ಮೂಸಿದರು. ಹೆಚ್ಚು ಮತ ಬಂದದ್ದು 'ಇ'ಗೆ! 'ಮೈಸೂರು ಅಂದರೆ ಇದು' ಎಂದು ಕಣ್ಣು ಮುಚ್ಚಿ ತಲೆದೂಗಿದವರೂ ಇದ್ದರು. 'ಅ' ಮೂಸಿದ ಒಬ್ಬರು 'ಇದರಲ್ಲಿ ಏನೂ ಇಲ್ಲವಲ್ಲ' ಎಂದು ಪಟ್ಟಿಯನ್ನು ಪಕ್ಕಕ್ಕಿಟ್ಟರು. ಹೀಗಾದರೆ ನಾವು ವರ್ಷಗಟ್ಟಲೆ ದುಡ್ಡು ಸುರಿದು ಕೂಡಿಡುತ್ತಿರುವುದು ಏನನ್ನು?

ರಸಾಯನ ಮೇಷ್ಟರು (ಧಾರವಾಡ)
ಪರೀಕ್ಷೆ ಸರಿಯಾಗಿದೆ, ಗಡಿಯಾರ ಸರಿಯಿಲ್ಲ. ಪಟ್ಟಿ ಅದ್ದಿದ ಕೂಡಲೇ ಮತ ಕೇಳಿದರೆ ಶ್ರೀಗಂಧ ಸೋಲಲೇಬೇಕು. ಅದರ ಕಂಪಿಗೆ ಮೂಲವಾದ ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್ ಭಾರವಾದ ಅಣುಗಳು; ನಿಧಾನವಾಗಿ ಆವಿಯಾಗುತ್ತವೆ. ನಿಂಬೆಯ ಹಾಗೆ ಮೊದಲ ಕ್ಷಣದಲ್ಲೇ ಮೂಗಿಗೆ ಬಡಿಯುವ ಭಾಗ ಅದರಲ್ಲಿ ತೀರಾ ಕಡಿಮೆ. ಕೃತಕ ಗಂಧದ ಅಣುಗಳನ್ನು ತಯಾರಿಸುವವರು ಇದಕ್ಕೆ ವಿರುದ್ಧವಾದ ಗುಣವನ್ನೇ ಬಯಸಿರುತ್ತಾರೆ: ಅವು ದೂರಕ್ಕೆ ಹರಡಬೇಕು, ಬೇಗ ಗೊತ್ತಾಗಬೇಕು. ಬೆಳಿಗ್ಗೆ ಅದ್ದಿದ ಪಟ್ಟಿಯನ್ನು ಸಂಜೆ ಮೂಸಿಸಿದ್ದರೆ ಮತ ಎಲ್ಲಿ ಬೀಳುತ್ತಿತ್ತು ಎಂಬುದು ನನ್ನ ಪ್ರಶ್ನೆ.

ಇನ್ನೊಂದು ಮಾತು. ಭಾರವಾದ ಅಣುಗಳ ವಿಷಯದಲ್ಲಿ ಎಲ್ಲರ ಮೂಗೂ ಒಂದೇ ಅಲ್ಲ. ಕೆಲವು ಕಸ್ತೂರಿ ಬಗೆಯ ಅಣುಗಳು ಕೆಲವರಿಗೆ ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ. 'ಏನೂ ಇಲ್ಲವಲ್ಲ' ಎಂದವರು ಸುಳ್ಳು ಹೇಳಿರಲಾರರು. ಶುದ್ಧತೆಯ ತೀರ್ಪು ಬೇಕಾದರೆ ಅಂತರರಾಷ್ಟ್ರೀಯ ಮಾನಕವೇ ಇದೆ: ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24. ಅದನ್ನು ಹೇಳುವುದು ಪ್ರಯೋಗಾಲಯದ ಯಂತ್ರ, ನಮ್ಮ ಮೂಗಲ್ಲ.

ಕೇದಗೆ (ಉಡುಪಿ)
ಮೇಷ್ಟರೇ, ಶುದ್ಧತೆ ಯಂತ್ರದ ಪಾಲಿಗೆ ಹೋದರೆ ಮೂಗಿನ ಪಾಲಿಗೆ ಉಳಿಯುವುದು ಇಷ್ಟ ಮಾತ್ರ. 'ಇ' ಅವರಿಗೆಲ್ಲ ಇಷ್ಟವಾಯಿತು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಅನ್ಯಾಯವಾದದ್ದು ಚೀಟಿಯಲ್ಲಿ, ಸೀಸೆಯೊಳಗಿನ ದ್ರವದಲ್ಲಲ್ಲ. 'ಕೃತಕ ಚಂದನ' ಎಂದು ಬರೆದು ಅದೇ ಬೆಲೆಗೆ ಮಾರಿದ್ದರೆ ನಾನೂ ಕೊಳ್ಳುತ್ತಿದ್ದೆ.

ನನ್ನ ಹೆಸರಿನ ಹೂವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಕೇದಗೆಯ ಗರಿಯನ್ನು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುವುದು ಹಳೆಯ ರೂಢಿ. ಅತ್ತರಿಗೆ ಹೋಗುವ ಕೇದಗೆಯ ದೊಡ್ಡ ಪಾಲು ಒಡಿಶಾದ ಗಂಜಾಂ ಜಿಲ್ಲೆಯದು. ಆ ಹೂವಿನ ಎಣ್ಣೆಯಲ್ಲಿ ಬಹುಪಾಲು ಇರುವುದು ಒಂದೇ ಅಣು, ಅದನ್ನು ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಿಸುತ್ತಾರೆ. ನನ್ನಲ್ಲಿ ಎರಡೂ ಇವೆ. ಹೂವಿನದರಲ್ಲಿ ಒಂದು ಹಸಿರು ಒಗರು ಇದೆ, ಇನ್ನೊಂದರಲ್ಲಿ ಇಲ್ಲ. ಸೀರೆಯ ಪೆಟ್ಟಿಗೆಗೆ ಎರಡನೆಯದೇ ಸಾಕು.

ಶಿವಾಜಿನಗರದ ಸೀಸೆ (ಬೆಂಗಳೂರು)
ನಿಮ್ಮ ಮಾತು ಕೇಳಿ ನಗು ಬರುತ್ತಿದೆ. ಅತ್ತರು ಹಚ್ಚಿಕೊಳ್ಳುವ ವಸ್ತು, ಕೂಡಿಡುವ ವಸ್ತುವಲ್ಲ. ನಮ್ಮ ಮನೆಯಲ್ಲಿ ಶುಕ್ರವಾರದ ನಮಾಜಿಗೆ ಹೊರಡುವಾಗ ಅಜ್ಜ ಹತ್ತಿಯ ಚೂರಿಗೆ ಅತ್ತರು ಹಚ್ಚಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೀಸೆ ಖಾಲಿಯಾದರೆ ಮತ್ತೊಂದು. ತೊಲದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು, ಅಂದರೆ ಸುಮಾರು ಹನ್ನೊಂದೂವರೆ ಗ್ರಾಂ. ಈಗ ನೋಡಿದರೆ ಜನ ಅರ್ಧ ಮಿಲಿಲೀಟರಿನ ನಳಿಕೆಗಳನ್ನು ನೂರಾರು ಸಾಲಾಗಿ ಜೋಡಿಸಿ ಫೋಟೊ ಹಾಕುತ್ತಾರೆ. ಅದರಲ್ಲಿ ಎಷ್ಟನ್ನು ಮೈಗೆ ಹಚ್ಚಿಕೊಂಡಿದ್ದಾರೆ?

ಅಂಗಡಿಯವರನ್ನೆಲ್ಲ ಕಳ್ಳರೆನ್ನುವುದೂ ಬೇಡ. ಹಳೆಯ ಅಂಗಡಿಗೆ ಹೋಗಿ ಸಮಾಧಾನದಿಂದ ಕುಳಿತು ಕೇಳಿ. ಇದು ರೂಹ್, ಅಂದರೆ ಏನೂ ಬೆರೆಸದ ಎಣ್ಣೆ. ಇದು ಗಂಧದೆಣ್ಣೆಯ ಮೇಲೆ ಇಳಿಸಿದ ಅತ್ತರು. ಇದು ಪ್ಯಾರಾಫಿನ್ ಎಂಬ ವಾಸನೆಯಿಲ್ಲದ ಖನಿಜ ಎಣ್ಣೆಯ ಮೇಲಿನದು, ಬೆಲೆ ಕಡಿಮೆ ಎಂದು ಅವರೇ ಬಿಡಿಸಿ ಹೇಳುತ್ತಾರೆ. ಗಾಜಿನ ಕಡ್ಡಿಯಿಂದ ಕೈ ಹಿಂಬದಿಗೆ ಎಳೆದು 'ಹೋಗಿ, ಟೀ ಕುಡಿದು ಬನ್ನಿ' ಎನ್ನುತ್ತಾರೆ. ಮೇಷ್ಟರು ಗಡಿಯಾರದ ವಿಷಯದಲ್ಲಿ ಹೇಳಿದ್ದು ಅವರಿಗೆ ತಲೆಮಾರುಗಳಿಂದ ಗೊತ್ತು.

ಊರಾಡಿ (ಹುಬ್ಬಳ್ಳಿ)
ಗಂಧದೆಣ್ಣೆಯ ಮೇಲೆ ಇಳಿಸುವುದು ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ. ಉತ್ತರ ಪ್ರದೇಶದ ಕನೌಜಿನಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. 'ದೇಗ್' ಎಂಬ ದೊಡ್ಡ ತಾಮ್ರದ ಹಂಡೆಗೆ ಹೂವು, ನೀರು ತುಂಬಿ ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತುತ್ತಾರೆ. ಹಂಡೆಯಿಂದ ಹೊರಟ ಬಿದಿರಿನ ಕೊಳವೆಗೆ ಹುರಿ ಸುತ್ತಿರುತ್ತಾರೆ. ಅದರ ಇನ್ನೊಂದು ತುದಿ ನೀರಿನ ತೊಟ್ಟಿಯಲ್ಲಿ ಮುಳುಗಿದ 'ಭಪ್ಕಾ' ಎಂಬ ಉದ್ದ ಕತ್ತಿನ ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಹೂವಿನ ಆವಿ ಬಂದು ಅದರಲ್ಲೇ ತಣಿದು ಸೇರುತ್ತದೆ. ಉಷ್ಣಮಾಪಕ ಎಂಬುದೇ ಇಲ್ಲ. ಒಲೆ ನೋಡಿಕೊಳ್ಳುವವರು ಭಪ್ಕಾದ ಮೈಮುಟ್ಟಿ ಬಿಸಿ ನೋಡಿ, ಸೌದೆಯನ್ನು ಮುಂದಕ್ಕೆ ತಳ್ಳುತ್ತಾರೆ ಅಥವಾ ಹಿಂದಕ್ಕೆ ಎಳೆಯುತ್ತಾರೆ. ದಿನ ಕಳೆದಂತೆ ನೀರನ್ನು ಬೇರ್ಪಡಿಸಿ, ಹೊಸ ಹೂವು ತುಂಬಿ, ಅದೇ ಎಣ್ಣೆಗೆ ಮತ್ತೆ ಮತ್ತೆ ಕಂಪು ಏರಿಸುತ್ತಾರೆ. ಕೊನೆಗೆ ಚರ್ಮದ 'ಕುಪ್ಪಿ'ಯಲ್ಲಿಟ್ಟರೆ ಉಳಿದ ತೇವ ಚರ್ಮದ ಮೂಲಕ ಹೊರಟುಹೋಗುತ್ತದೆ.

ಅಂದರೆ ಹಳೆಯ ಪದ್ಧತಿಯ ಗುಲಾಬಿ ಅತ್ತರು ಕೊಂಡವರು ಅರ್ಧ ಶ್ರೀಗಂಧವನ್ನೇ ಕೊಂಡಿದ್ದಾರೆ. ಗಂಧದ ಬೆಲೆ ಆಕಾಶಕ್ಕೇರಿದ ಮೇಲೆ ಆ ಜಾಗಕ್ಕೆ ಪ್ಯಾರಾಫಿನ್ ಮತ್ತು ಇತರ ದ್ರಾವಕಗಳು ಬಂದವು. ಅದರಿಂದ ಕೆಟ್ಟದ್ದು ಹೂವಲ್ಲ, ನೆಲೆ. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಹೋದ ಮೇಲೆ ಮೈಮೇಲೆ ಉಳಿಯುವುದು ನೆಲೆಯೇ. ಹಾಗಾಗಿ ಸಂಗ್ರಹಕಾರರು ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು 'ಯಾವ ಹೂವು' ಎಂಬುದಕ್ಕಿಂತ 'ಯಾವುದರ ಮೇಲೆ ಇಳಿಸಿದ್ದು' ಎಂಬುದನ್ನು.

ಇಷ್ಟೆಲ್ಲ ಹೇಳಿದ ಮೇಲೂ, ಅಲ್ಲಿಂದ ನಾನು ತಂದದ್ದು ಮಣ್ಣಿನ ಅತ್ತರನ್ನು. ಅರೆಬೆಂದ ಮಣ್ಣಿನ ಬಿಲ್ಲೆಗಳನ್ನು ಹಂಡೆಗೆ ಹಾಕಿ ಮೊದಲ ಮಳೆಯ ವಾಸನೆಯನ್ನು ಇಳಿಸುತ್ತಾರೆ. ಅದನ್ನು ಯಾವ ಚೀಟಿಯೂ ಇಲ್ಲದೆ ಯಾರ ಮುಂದೆ ಇಟ್ಟರೂ ಗುರುತು ಹಿಡಿಯುತ್ತಾರೆ.

ರಸಾಯನ ಮೇಷ್ಟರು (ಧಾರವಾಡ)
ಆ ಮಣ್ಣಿನ ಕಂಪು ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳನ್ನೂ ಕಾಡಿತ್ತು. ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಅದಕ್ಕೆ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಮಳೆಯ ವಾಸನೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ಅಣುವಿಗೂ ದೊಡ್ಡ ಪಾಲಿದೆ. ಅದನ್ನು ನಮ್ಮ ಮೂಗು ನಂಬಲಾರದಷ್ಟು ಸಣ್ಣ ಪ್ರಮಾಣದಲ್ಲೂ ಹಿಡಿಯುತ್ತದೆ. ಮೂಗನ್ನು ನಾನು ಹೀಯಾಳಿಸುತ್ತಿಲ್ಲ. ಅದು ಎಲ್ಲದರಲ್ಲೂ ಸಮಾನ ನಿಪುಣವಲ್ಲ ಎನ್ನುತ್ತಿದ್ದೇನೆ, ಅಷ್ಟೆ.

ಚೇಗು (ತೀರ್ಥಹಳ್ಳಿ)
ಗಂಧ ಬೆಳೆಯುವವನು ನಾನು, ಮೂಸುವವನಲ್ಲ. ಟಿಪ್ಪುವಿನ ಕಾಲದಿಂದ ಗಂಧದ ಮರ ರಾಜನ ಸೊತ್ತಾಗಿತ್ತು, ಆಮೇಲೆ ಸರ್ಕಾರದ ಸೊತ್ತಾಯಿತು. ನಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಸಸಿಯನ್ನೂ ಕೇಸಿನ ಭಯಕ್ಕೆ ಕಿತ್ತೆಸೆಯುತ್ತಿದ್ದ ಕಾಲವದು. 2001ರಲ್ಲಿ ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಮಾಲೀಕನೇ ಮರದ ಮಾಲೀಕನಾದ. ಆದರೂ ಕಡಿಯಲು ಇಲಾಖೆಯ ಅನುಮತಿ ಬೇಕು. ಇದು ಬೇರಿನಿಂದ ಬೇರೆ ಗಿಡದ ರಸ ಹೀರಿ ಬದುಕುವ ಅರೆಪರಾವಲಂಬಿ ಮರ, ಆದ್ದರಿಂದ ಪಕ್ಕದಲ್ಲಿ ತೊಗರಿಯನ್ನೋ ಸರ್ವೆಯನ್ನೋ ಬೆಳೆಸಬೇಕು. ಎಣ್ಣೆ ಇರುವುದು ಚೇಗಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಚೇಗು ಬಲಿಯಲು ಹದಿನೈದು, ಇಪ್ಪತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಕಳ್ಳರು ಬರುತ್ತಾರೆ, ಇಲ್ಲವೇ ಎಲೆ ಸಣ್ಣಗಾಗಿ ಮರವೇ ಸಾಯುವ ಸ್ಪೈಕ್ ರೋಗ ಬರುತ್ತದೆ.

ಇಷ್ಟು ಕಷ್ಟದ ವಸ್ತುವಿಗೆ ನೀವು ಹೆಚ್ಚು ಬೆಲೆ ಕೊಡುವುದು ನನಗೆ ಸಂತೋಷವೇ. ಆದರೆ ಅಂತರ್ಜಾಲದಲ್ಲಿ 'ಹಳೆಯ ಮೈಸೂರು, ಐವತ್ತು ವರ್ಷದ ಎಣ್ಣೆ' ಎಂದು ತುಕ್ಕು ಹಿಡಿದ ಡಬ್ಬಿಗೆ ಜನ ಹರಾಜು ಕೂಗುವುದನ್ನು ನೋಡಿದರೆ ಮೈ ಉರಿಯುತ್ತದೆ. ಡಬ್ಬಿ ಹಳೆಯದು ನಿಜ. ಒಳಗಿನದನ್ನು ನಿನ್ನೆ ತುಂಬಿಲ್ಲ ಎಂದು ಯಾರು ಹೇಳಬೇಕು? ಆ ದುಡ್ಡಿನಲ್ಲಿ ಒಂದು ಕಾಸೂ ಬೆಳೆದವರಿಗೆ ಬರುವುದಿಲ್ಲ. ಆಸ್ಟ್ರೇಲಿಯಾದ ತೋಟದ ಎಣ್ಣೆಯನ್ನು ಕೀಳು ಎನ್ನುವವರಿಗೂ ಒಂದು ಮಾತು: ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿದ ಮೇಲೆ, 1916ರಲ್ಲಿ, ಮೈಸೂರು ಸಂಸ್ಥಾನ ಇಲ್ಲೇ ಎಣ್ಣೆ ತೆಗೆಯಲು ಆರಂಭಿಸಿತು. ಹೆಸರು ಕಟ್ಟಿದ್ದು ಮರ ಮತ್ತು ಕೆಲಸ ಎರಡೂ ಸೇರಿ. ಬೇರೆಯವರೂ ಆ ಕೆಲಸ ಕಲಿಯಬಹುದು.

ಲಾವಂಚ (ಮೈಸೂರು)
ಚೇಗು ಅವರೇ, ಹರಾಜಿನ ವಿಷಯ ಪೂರ್ತಿ ಒಪ್ಪಿದೆ. ಸೀಸೆಯ ಹುಟ್ಟಿನ ದಾಖಲೆ ಇಲ್ಲದಿದ್ದರೆ ಅದು ನನ್ನ ಕಪಾಟಿಗೆ ಬರುವುದಿಲ್ಲ. ಆದರೆ ಶಿವಾಜಿನಗರದವರ ಮಾತಿಗೆ ನನ್ನ ತಕರಾರಿದೆ. ಚಿಕ್ಕ ನಳಿಕೆಗಳು ಪ್ರದರ್ಶನಕ್ಕಲ್ಲ. ಒಂದೇ ಹೂವಿನ ಬೇರೆ ಬೇರೆ ಬಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಮೂಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ತಾಮ್ರದ ಹಂಡೆಯಲ್ಲಿ ಇಳಿಸಿದ ಲಾವಂಚದ ಎಣ್ಣೆಗೆ ಹಸಿರು ಬಣ್ಣ ಬರುತ್ತದೆ, ಉಕ್ಕಿನ ಪಾತ್ರೆಯದಕ್ಕೆ ಬರುವುದಿಲ್ಲ; ವಾಸನೆಯೂ ಬೇರೆ. ಒಂದು ತೊಲವನ್ನು ಕೊಂಡು ಅದನ್ನೇ ಹಚ್ಚಿಕೊಂಡಿದ್ದರೆ ನನಗೆ ಇದು ಗೊತ್ತಾಗುತ್ತಿರಲಿಲ್ಲ.

ಕತಾರಿನ ಕನ್ನಡಿಗ (ದೋಹಾ)
ಇಲ್ಲಿ ಊದ್ ಎಣ್ಣೆಯದೇ ರಾಜ್ಯ. ಅಸ್ಸಾಮಿನ ಅಗರ್ ಮರದ ಎಣ್ಣೆಗೆ ಇಲ್ಲಿನವರು 'ಹಿಂದಿ' ಎನ್ನುತ್ತಾರೆ, ಮೇಲುಪಂಕ್ತಿ ಅದಕ್ಕೇ. ಕಟ್ಟಿಗೆಯನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ ಬಟ್ಟಿ ಇಳಿಸುವುದರಿಂದ ಮೊದಲ ವಾಸನೆ ದನದ ಕೊಟ್ಟಿಗೆಯದು, ಬೇರೆ ಮಾತೇ ಇಲ್ಲ. ಹೊಸಬರು ಮೂಗು ಮುಚ್ಚುತ್ತಾರೆ. ಗಂಟೆ ಕಳೆದ ಮೇಲೆ ಜೇನು, ಚರ್ಮ, ಹೊಗೆ ಒಂದೊಂದಾಗಿ ಬರುತ್ತವೆ. ಇದನ್ನು ಚೀಟಿ ಕಿತ್ತು ಹೊಸಬರ ಮುಂದಿಟ್ಟರೆ ಸೊನ್ನೆ ಮತ ಬೀಳುತ್ತದೆ. ರುಚಿಯನ್ನು ಕಲಿಯಬೇಕು. ಕಲಿಯದವರ ಬಹುಮತದಿಂದ ಏನೂ ಸಾಬೀತಾಗುವುದಿಲ್ಲ.

ಜೊತೆಗೆ ಒಂದು ಎಚ್ಚರಿಕೆ. ಆ ಮರ 1995ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಕಾಗದಪತ್ರವಿಲ್ಲದೆ ಸೀಸೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿ ತೊಂದರೆಗೆ ಸಿಲುಕಬೇಡಿ.

ಕೇದಗೆ (ಉಡುಪಿ)
ಕಲಿಯಬೇಕು ನಿಜ, ಆದರೆ ಯಾರಿಂದ? ದುಬಾರಿ ಸೀಸೆ ಕೊಟ್ಟು 'ಇದು ಶ್ರೇಷ್ಠ, ನಿಮಗಿನ್ನೂ ಗೊತ್ತಾಗಿಲ್ಲ' ಎಂದರೆ ಯಾರಾದರೂ ಆರು ತಿಂಗಳಲ್ಲಿ ಕಲಿಯುತ್ತಾರೆ. ಅದು ಮೂಗಿನ ಕಲಿಕೆಯೋ ಮಣಿಯುವ ಕಲಿಕೆಯೋ? ಚೀಟಿ ಕೀಳುವ ಪರೀಕ್ಷೆ ಬೇಕಾದದ್ದು ಇದಕ್ಕೇ. ಹೊಸಬರ ಮೇಲೆ ಬೇಡ, ಹತ್ತು ವರ್ಷದ ಅನುಭವದ ನಿಮ್ಮ ಮೇಲೆಯೇ ಮಾಡಿ. ಅಸ್ಸಾಮಿನ 'ಹಿಂದಿ'ಯನ್ನು ಚೀಟಿಯಿಲ್ಲದೆ ಮೇಲುಪಂಕ್ತಿಗೆ ಕೂರಿಸಿದರೆ ನಿಮಗೆ ಕೈಮುಗಿಯುತ್ತೇನೆ.

ಕತಾರಿನ ಕನ್ನಡಿಗ (ದೋಹಾ)
ಸವಾಲು ಸ್ವೀಕರಿಸಿದೆ, ಕೇದಗೆಯವರೇ. ಸೀಸೆ ತುಂಬುವವರು ನೀವಾಗಬಾರದು ಎಂಬುದಷ್ಟೇ ನನ್ನ ಷರತ್ತು.

ಲಾವಂಚ (ಮೈಸೂರು)
ಮುಂದಿನ ಸಲ ಹೀಗೆ ಮಾಡೋಣ. ಕಾಗದದ ಪಟ್ಟಿಯೂ ಇರಲಿ, ಮೈಮೇಲೂ ಹಚ್ಚೋಣ. ಹಚ್ಚಿದ ಕೂಡಲೇ ಒಮ್ಮೆ, ಊಟವಾದ ಮೇಲೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಬರೆಯೋಣ. ಯಾರೂ ಬರೆದು ಮುಗಿಸುವ ತನಕ ಬಾಯಿ ಬಿಡಬಾರದು. ಒಬ್ಬರು 'ಆಹಾ ಮೈಸೂರು' ಎಂದರೆ ಉಳಿದವರ ಮೂಗು ಅಲ್ಲಿಗೇ ತಿರುಗುತ್ತದೆ.

ಕೇದಗೆ (ಉಡುಪಿ)
ಮೈಮೇಲೆ ಹಚ್ಚುವ ಮುಂಚೆ ಮೊಣಕೈ ಒಳಬದಿಗೆ ಒಂದು ಹನಿ ಹಾಕಿ ಒಂದು ದಿನ ಕಾಯಿರಿ. ದಾಲ್ಚಿನ್ನಿ, ಲವಂಗದ ಎಣ್ಣೆಗಳು ಚರ್ಮವನ್ನು ಸುಡುತ್ತವೆ. ಕಿತ್ತಳೆ, ನಿಂಬೆ ಜಾತಿಯ ಎಣ್ಣೆ ಹಳತಾಗಿ ಗಾಳಿಗೆ ಕೆಟ್ಟರೆ ಅಲರ್ಜಿ ಬರಿಸುತ್ತದೆ, ಅವನ್ನು ಚಿಕ್ಕ ಸೀಸೆಯಲ್ಲಿ ತುಂಬು ಮಟ್ಟಕ್ಕೆ ಹಾಕಿ ಕತ್ತಲಲ್ಲಿಡಬೇಕು. 'ನೈಸರ್ಗಿಕ, ಏನೂ ಆಗುವುದಿಲ್ಲ' ಎನ್ನುವವರ ಮಾತು ಕೇಳಬೇಡಿ.

ಹೊಸ ಮೂಗು (ತುಮಕೂರು)
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲೇ ಕಲಬೆರಕೆ ಪತ್ತೆ ಮಾಡಲು ಏನಾದರೂ ಉಪಾಯವಿದೆಯೇ? ಮೂಗು ದಣಿದಾಗ ಕಾಫಿ ಬೀಜ ಮೂಸಬೇಕು ಎಂಬುದು ನಿಜವೇ? ನನ್ನ ಬಳಿ ಈಗಿರುವುದು ಒಂದೇ ಒಂದು ಸೀಸೆ ಹಿನಾ ಅತ್ತರು.

ರಸಾಯನ ಮೇಷ್ಟರು (ಧಾರವಾಡ)
ತಮ್ಮಾ, ಅಗ್ಗದ ಅತ್ತರುಗಳಲ್ಲಿ ಸಿಗುವ ಡೈಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ ನೀರಿನಲ್ಲಿ ಕರಗುತ್ತದೆ, ಸುಗಂಧ ತೈಲ ಹೆಚ್ಚೂಕಡಿಮೆ ಕರಗುವುದಿಲ್ಲ. ಅಳತೆಯ ನಳಿಕೆಯಲ್ಲಿ ಸ್ವಲ್ಪ ತೈಲಕ್ಕೆ ಸಮನಾಗಿ ನೀರು ಹಾಕಿ ಅಲ್ಲಾಡಿಸಿ ಬಿಡು. ಎಣ್ಣೆಯ ಪದರ ಮೊದಲಿಗಿಂತ ಬಹಳ ತೆಳ್ಳಗಾದರೆ ಅನುಮಾನಿಸು. ಪ್ಯಾರಾಫಿನ್ ಇದ್ದರೆ ಶೇ. 70ರ ಆಲ್ಕೋಹಾಲಿನಲ್ಲಿ ಅದು ಕರಗದೆ ಬೇರೆಯಾಗಿ ನಿಲ್ಲುತ್ತದೆ. ಒಳ್ಳೆಯ ಗಂಧದೆಣ್ಣೆ ಐದು ಪಾಲು ಆಲ್ಕೋಹಾಲಿನಲ್ಲಿ ತಿಳಿಯಾಗಿ ಕರಗುತ್ತದೆ. ಇದರಿಂದ ಗೊತ್ತಾಗುವುದು ದ್ರಾವಕ ಮಾತ್ರ. ಕೃತಕ ಕಂಪನ್ನು ಇದು ಹಿಡಿಯಲಾರದು. ಕಾಫಿ ಬೀಜದಿಂದ ವಿಶೇಷ ಪ್ರಯೋಜನವೇನೂ ಇಲ್ಲ. ಹೊರಗೆ ಹೋಗಿ ಗಾಳಿ ಕುಡಿದು ಬಾ, ಸಾಕು.

ಶಿವಾಜಿನಗರದ ಸೀಸೆ (ಬೆಂಗಳೂರು)
ಹಿನಾವನ್ನು ಪರೀಕ್ಷೆ ಮಾಡಿ ಹಾಳು ಮಾಡಬೇಡ, ತಮ್ಮ. ಅದರಲ್ಲಿ ಹತ್ತಾರು ಗಿಡಮೂಲಿಕೆ, ಮಸಾಲೆ ಬಿದ್ದಿರುತ್ತವೆ. ನಿಮ್ಮ ಮನೆಯ ಅಡುಗೆಗೆ ಹಾಕುವ ಕಲ್ಲುಹೂವೂ ಅದಕ್ಕೆ ಬೀಳುತ್ತದೆ. ಮೈ ಬೆಚ್ಚಗಿಡುವ ಅತ್ತರದು, ಚಳಿಗಾಲಕ್ಕೆ ಇಟ್ಟುಕೋ. ಈ ಬಿಸಿಲಿಗೆ ಖಸ್, ಅಂದರೆ ಲಾವಂಚದ ಅತ್ತರು ತೆಗೆದುಕೋ. ಕಾಲು ತೊಲ ಸಾಕು, ಅಂಗಡಿಯವರು ಕೊಡುತ್ತಾರೆ.