ಸ್ಪೀಕರ್ ಇಲ್ಲದೆ ಬಿರುಗಾಳಿ: 19ನೇ ಶತಮಾನದ ರಂಗತಂತ್ರ ಗೊತ್ತಿರೋರು ಹೇಳಿ

ನೇಪಥ್ಯ:
ಆ ಕಾಲದ ಇಂಗ್ಲಿಷ್ ಮೆಲೋಡ್ರಾಮಾದ ಒಂದು ಸಮುದ್ರ ದೃಶ್ಯವನ್ನು ಅಂದಿನ ವಿಧಾನದಲ್ಲೇ ಕಟ್ಟಬೇಕಿದೆ. ಗಾಳಿ, ಗುಡುಗು, ಮಿಂಚು, ಅಲೆ ಎಲ್ಲವೂ ಬೇಕು. ಗಾಳಿಯಂತ್ರ (ಪಟ್ಟಿ ಹೊಡೆದ ಡ್ರಮ್ಮನ್ನು ಬಟ್ಟೆಯಡಿ ತಿರುಗಿಸಿ ಗಾಳಿಯ ಸದ್ದು ಬರಿಸೋ ಸಾಧನ) ಮಾಡಿಸಿದ್ದಾಗಿದೆ, ಆದರೆ ಗಾಳಿಯ ಬದಲು ಹಿಟ್ಟಿನ ಗಿರಣಿ ಸದ್ದು ಬರ್ತಿದೆ. ಎಲ್ಲಿ ತಪ್ಪಿದೆ?

ಬಡಗಿಶಾಲೆ:
ಬಹುಶಃ ಬಟ್ಟೆ ಸಡಿಲ ಆಗಿದೆ, ಇಲ್ಲವೇ ಒಂದೇ ವೇಗದಲ್ಲಿ ತಿರುಗಿಸ್ತಿದ್ದೀರಿ. ಡ್ರಮ್ಮಿನ ವ್ಯಾಸ 2 ಅಡಿ, ಉದ್ದ ಎರಡೂವರೆ ಅಡಿ ಸಾಕು. ಸುತ್ತ 1 ಇಂಚಿನ ಪಟ್ಟಿಗಳನ್ನು 2 ಇಂಚು ಬಿಟ್ಟು ಬಿಟ್ಟು ಹೊಡೆಯಿರಿ. ಪಟ್ಟಿಯ ಅಂಚನ್ನು ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ನಾಲ್ಕು ಪ್ರದರ್ಶನಕ್ಕೇ ಬಟ್ಟೆ ಹರಿಯುತ್ತೆ. ದಪ್ಪ ಕ್ಯಾನ್ವಾಸನ್ನು ಡ್ರಮ್ಮಿನ ಮೇಲೆ ಹಾಸಿ ಒಂದು ತುದಿಯನ್ನು ಚೌಕಟ್ಟಿಗೆ ಬಿಗಿಯಿರಿ, ಇನ್ನೊಂದಕ್ಕೆ ಮರದ ದಬ್ಬೆ ಹೊಲಿದು ಕೈಯಲ್ಲಿ ಎಳೆದು ಹಿಡಿಯಿರಿ. ಬಿಗಿ ಹೆಚ್ಚಾದಷ್ಟೂ, ವೇಗ ಏರಿದಷ್ಟೂ ಸ್ವರ ಮೇಲಕ್ಕೆ ಹೋಗುತ್ತೆ. ಸಿಳ್ಳೆಯಂಥ ಗಾಳಿ ಬೇಕಿದ್ದರೆ ರೇಷ್ಮೆ ಬಟ್ಟೆ ಹಾಕಿ. ಅಚ್ಚಿಗೆ ಗ್ರೀಸ್ ಮರೀಬೇಡಿ, ಕಿರ್ ಅಂದರೆ ಮೊದಲ ಸಾಲಿಗೇ ಕೇಳಿಸುತ್ತೆ.

ತಿರುಗಿಸೋನಿಗೆ ಲಯ ಬೇಕು: ನಿಧಾನವಾಗಿ ಏರಿಸಿ, ಒಮ್ಮೆಲೇ ಇಳಿಸಿ, ಒಂದು ಉಸಿರು ನಿಲ್ಲಿಸಿ. ಗಾಳಿ ಬೀಸೋದೇ ಹಾಗೆ.

ತಗಡು:
ಗುಡುಗಿಗೆ 24 ಗೇಜಿನ ಕಬ್ಬಿಣದ ತಗಡು, 6 ಅಡಿಗೆ 3 ಅಡಿ. ಮೂಲೆಗೆ ತೂತು ಕೊರೆದು ತೂಗುಹಾಕಿದರೆ ಅಲ್ಲಿಂದಲೇ ಸೀಳುತ್ತೆ. ಮೇಲಂಚನ್ನು ಎರಡು ರೀಪಿನ ನಡುವೆ ಇಟ್ಟು ಬೋಲ್ಟ್ ಹಾಕಿ, ಕೆಳಗೂ ಹಿಡಿಯೋಕೆ ಹಾಗೇ ಒಂದು ಜೋಡಿ. ತಗಡು ಗೋಡೆಗೆ ತಾಗದಂತೆ ನೋಡಿಕೊಳ್ಳಿ. ದೂರದ ಗುಡುಗಿಗೆ ಬ್ರಿಸ್ಟಲ್‌ನ ಥಿಯೇಟರ್ ರಾಯಲ್‌ನಲ್ಲಿ ಬೇರೆಯೇ ಏರ್ಪಾಡಿತ್ತು: ಪ್ರೇಕ್ಷಕರ ನೆತ್ತಿಯ ಮೇಲೆ, ಛಾವಣಿಯೊಳಗೆ ಇಳಿಜಾರಾದ ಮರದ ಕಾಲುವೆಗಳು, ಅವುಗಳಲ್ಲಿ ಉರುಳುವ ಗುಂಡುಗಳು. ಸದ್ದಿಗಿಂತ ಅದುರು ಹೆಚ್ಚು.

ಮಳೆಗೆ 5 ಅಡಿಯ ಉದ್ದ ಪೆಟ್ಟಿಗೆ, ಒಳಗೆ ಅಡ್ಡಡ್ಡ ಮೊಳೆ, ಎರಡು ಹಿಡಿ ಒಣ ಬಟಾಣಿ; ಓರೆ ಮಾಡಿದರೆ ಕಾಳು ಮೊಳೆಗೆ ಬಡಿಯುತ್ತಾ ಉರುಳುತ್ತೆ. ಜಾಸ್ತಿ ತುಂಬಿದರೆ ಕಾಳಿಗೆ ಕಾಳೇ ಅಡ್ಡ ಬಂದು ಸದ್ದು ಮಂಕಾಗುತ್ತೆ. ಮಳೆಗಾಲದಲ್ಲಿ ಕಾಳು ಥಂಡಿ ಹಿಡಿಯುತ್ತೆ, ಬದಲಿಸ್ತಾ ಇರಿ.

ದೀಪಗಾರ:
ಮಿಂಚಿಗೆ ಬಳಸ್ತಿದ್ದದ್ದು ಲೈಕೊಪೋಡಿಯಂ, ಪಾಚಿಯಂಥ ಒಂದು ಸಸ್ಯದ ಬೀಜಕಪುಡಿ. ರಾಶಿ ಹಾಕಿದರೆ ಸರಿಯಾಗಿ ಹೊತ್ತಿಕೊಳ್ಳೋದೂ ಇಲ್ಲ, ಕೊಳವೆಯಿಂದ ಜ್ವಾಲೆಯ ಮೇಲೆ ಊದಿದರೆ ಮಾತ್ರ ಝಗ್ಗನೆ ಉರಿದು ಆರುತ್ತೆ. ಗಾಳಿಯಲ್ಲಿ ಪ್ರತಿ ಕಣಕ್ಕೂ ಆಮ್ಲಜನಕ ಸಿಗೋದೇ ಕಾರಣ. ದಯವಿಟ್ಟು ನೀವು ಇದನ್ನು ಮಾಡಬೇಡಿ. ಪರದೆ, ತೆಳುಬಟ್ಟೆ, ಗ್ಯಾಸ್‌ದೀಪ ಒಂದೆಡೆ ಸೇರಿದ್ದ ರಂಗಗಳು ಏನಾದವು ಅನ್ನೋದಕ್ಕೆ 1881ರ ವಿಯೆನ್ನಾ ರಿಂಗ್ ಥಿಯೇಟರ್ ಬೆಂಕಿ ಸಾಕು, ನೂರಾರು ಜನ ಸತ್ತರು. ಎಲ್‌ಇಡಿ ಫ್ಲಾಶ್ ಹಾಕಿ, ಯಾರೂ ಬೈಯಲ್ಲ.

ಬೆಳದಿಂಗಳಿಗೆ ಸುಣ್ಣದ ದೀಪ (ಲೈಮ್‌ಲೈಟ್), ಅಂದರೆ ಜ್ವಾಲೆಯಲ್ಲಿ ಕಾಯಿಸಿದ ಸುಣ್ಣದ ತುಂಡಿನ ಬೆಳಕು. ಲಂಡನ್ನಿನ ಕೋವೆಂಟ್ ಗಾರ್ಡನ್‌ಗೆ 1837ರಲ್ಲಿ ಬಂತು. ಆಮ್ಲಜನಕ-ಜಲಜನಕದ ಜ್ವಾಲೆ ತಾಗಿದ ಜಾಗದಲ್ಲಿ ಸುಣ್ಣದ ತುಂಡು ಗುಳಿ ಬೀಳ್ತಿತ್ತು, ಅದಕ್ಕೇ ದೀಪಕ್ಕೊಬ್ಬ ಆಳು ಕೂತು ತುಂಡನ್ನು ಆಗಾಗ ತಿರುಗಿಸಬೇಕಿತ್ತು.

ನೇಪಥ್ಯ:
ಬಟ್ಟೆ ಬಿಗಿ ಮಾಡಿದೆ, ಗಿರಣಿ ಹೋಯ್ತು! ಅಲೆ ಹೇಗೆ? ನಿಜವಾದ ನೀರು ತರಬಹುದಾ?

ಬಡಗಿಶಾಲೆ:
ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ 1804ರಲ್ಲಿ ಪಕ್ಕದ ನ್ಯೂ ರಿವರ್ ಕಾಲುವೆಯ ನೀರನ್ನೇ ರಂಗದಡಿಯ ತೊಟ್ಟಿಗೆ ತುಂಬಿ ನೌಕಾಯುದ್ಧ ಆಡಿತ್ತು. ನಿಮ್ಮ ಅಟ್ಟಣಿಗೆ ಅಷ್ಟು ಭಾರ ತಡೆಯಲ್ಲ. ಹೆಚ್ಚಿನವರು ಬಟ್ಟೆಯಲ್ಲೇ ಸಮುದ್ರ ಮಾಡ್ತಿದ್ದರು: ನೀಲಿ ಬಟ್ಟೆ ಹಾಸಿ, ಕೆಳಗೆ ಹುಡುಗರನ್ನು ಬಿಟ್ಟು ಎತ್ತಿ ಇಳಿಸೋದು. ಎಲ್ಲರೂ ಒಟ್ಟಿಗೆ ಎತ್ತಿದರೆ ಒಗೆದ ಸೀರೆ ಒದರಿದ ಹಾಗಿರುತ್ತೆ. ಹಿಂದಿನಿಂದ ಮುಂದಕ್ಕೆ ಒಬ್ಬರಾದ ಮೇಲೊಬ್ಬರು ಎತ್ತಲಿ. ಬಟ್ಟೆ ರಂಗಕ್ಕಿಂತ ಕಾಲುಭಾಗವಾದರೂ ಅಗಲ ಇರಲಿ, ಅಂಚು ಎದ್ದರೆ ಹುಡುಗರ ಕಾಲು ಕಾಣುತ್ತೆ.

ತಗಡು:
ಒಂದು ಸೇರಿಸ್ತೀನಿ. ಮಿಂಚು ಹೊಡೆದು ಎರಡು ಮೂರು ಎಣಿಸಿ ಆಮೇಲೆ ತಗಡು ಅಲ್ಲಾಡಿಸಿ. ಬಿರುಗಾಳಿ ಹತ್ತಿರ ಬಂದಂತೆ ಆ ಎಣಿಕೆ ಕಡಿಮೆ ಮಾಡ್ತಾ ಹೋಗಿ. ನಟ ಮಾತಾಡುವಾಗ ಮಳೆಪೆಟ್ಟಿಗೆ ನಿಲ್ಲಿಸಿ, ಗಾಳಿ ಮಾತ್ರ ಕೆಳಸ್ವರದಲ್ಲಿ ಇರಲಿ. ಮಳೆಯ ಚಟಪಟ ಸದ್ದಲ್ಲಿ ವ್ಯಂಜನಗಳೇ ಕೇಳಲ್ಲ.