ಹುಲ್ಲು ಸವರುವ ಯಂತ್ರದ ‘ಬ್ಲೇಡ್’: ಅಲಗೇ? ಅದನ್ನು ಬಿಗಿಗೊಳಿಸಬಹುದೇ?

ಬಳಗದವರಿಗೆ ನಮಸ್ಕಾರ.

ಟ್ರ್ಯಾಕ್ಟರ್ ಹಿಂದೆ ಜೋಡಿಸಿ ಹುಲ್ಲು, ಕುರುಚಲು ಸವರುವ ರೋಟರಿ ಮೋವರ್‌ನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಂತ್ರದ ಮೇಲೆ ಅಂಟಿಸುವ ಎಚ್ಚರಿಕೆಯ ಚೀಟಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ಬರೆದಿರುವುದು: ‘ಕೆಲಸಕ್ಕೆ ಮುಂಚೆ ಬ್ಲೇಡುಗಳನ್ನು ಬಿಗಿಗೊಳಿಸಿ.’ ಬ್ಲೇಡು ಎಂದರೆ ಗಡ್ಡ ಹೆರೆಯುವ ತೆಳು ತಗಡೇ ಕಣ್ಣ ಮುಂದೆ ಬರುತ್ತದೆ. ಇಲ್ಲಿರುವುದು ಸುಮಾರು ಅರ್ಧ ಅಂಗುಲ ದಪ್ಪದ ಉಕ್ಕಿನ ಪಟ್ಟಿ. ‘ಅಲಗು’ ಎನ್ನಲೇ? ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಹೇಳುವ ‘ಟಾರ್ಕ್’ ಎನ್ನುವುದಕ್ಕೂ ಒಂದು ಪದ ಬೇಕು. ದಯವಿಟ್ಟು ಇಂದೇ ತಿಳಿಸಿ.

ಮರು:

ಅಲಗು ಎಂದೇ ಬರೆಯಿರಿ, ಅನುಮಾನ ಬೇಡ. ಅದು ‘ಅಲುಗು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಬೀಸಿದಾಗ ಅಲುಗುವುದು ಅಲಗು. ನಿಮ್ಮ ಯಂತ್ರದಲ್ಲಿ ಅದು ಹಗಲೆಲ್ಲ ಅಲುಗುತ್ತಲೇ ಇರುವುದರಿಂದ ಇಷ್ಟು ಒಪ್ಪುವ ಪದ ಇನ್ನೊಂದಿಲ್ಲ.

ಮರು:

ಅಲಗು ಸರಿ, ಹುಟ್ಟಿನ ಕಥೆ ಸರಿಯಲ್ಲ. ತಮಿಳಿನ ‘ಅಲಕು’ ಇದರ ಒಡಹುಟ್ಟು. ಅಲ್ಲಿ ಆಯುಧದ ಅಲಗು ಎಂಬ ಅರ್ಥದ ಜೊತೆಗೆ ಹಕ್ಕಿಯ ಕೊಕ್ಕು ಎಂಬ ಅರ್ಥವೂ ಇದೆ. ಕೊಕ್ಕು ಯಾವಾಗ ಅಲುಗಿತು? ಎರಡು ಪದ ಕಿವಿಗೆ ಹತ್ತಿರವಾದ ಮಾತ್ರಕ್ಕೆ ನೆಂಟರಾಗುವುದಿಲ್ಲ.

ಮರು:

ನನ್ನ ಸಲಹೆ: ಯಂತ್ರಕ್ಕೆ ‘ತೃಣಛೇದಕ’, ಬೋಲ್ಟಿಗೆ ‘ತಿರುಪುಮೊಳೆ’, ಟಾರ್ಕಿಗೆ ‘ತಿರುಚುಬಲ’. ಒಂದು ಇಂಗ್ಲಿಷ್ ಪದಕ್ಕೆ ಬಾಗಿಲು ತೆರೆದರೆ ಅದರ ಹಿಂದೆ ಹತ್ತು ಬರುತ್ತವೆ. ಕೈಪಿಡಿಗಳ ಮೂಲಕವೇ ಭಾಷೆ ಸವೆಯುತ್ತಿದೆ. ರೈತರಿಗೆ ಅರ್ಥವಾಗುವುದಿಲ್ಲ ಎನ್ನುವುದು ನೆಪ. ಬಳಸಿದರೆ ಅರ್ಥವಾಗುತ್ತದೆ.

ಮರು:

ಮೂರೂ ಬೇಡ. ಸಂಸ್ಕೃತವೇ ಬೇಕೆಂದರೆ ‘ತೃಣಚ್ಛೇದಕ’ ಎಂದು ಬರೆಯಿರಿ. ಹ್ರಸ್ವ ಸ್ವರದ ಮುಂದೆ ಛಕಾರ ಬಂದಾಗ ಚಕಾರ ಸೇರಬೇಕೆಂಬುದು ಸಂಧಿಯ ಮೊದಲ ಪಾಠಗಳಲ್ಲೇ ಇದೆ. ತಿರುಪುಮೊಳೆ ಎಂದರೆ ಸ್ಕ್ರೂ. ಒಂದೇ ಯಂತ್ರದಲ್ಲಿ ಸ್ಕ್ರೂ, ಬೋಲ್ಟ್ ಎರಡೂ ಇರುವಾಗ ಎರಡಕ್ಕೂ ಒಂದೇ ಹೆಸರಿಟ್ಟರೆ ಕೆಲಸದವನು ಯಾವುದಕ್ಕೆ ಪಾನಾ ಹಾಕಬೇಕು? ‘ತಿರುಚುಬಲ’ವಂತೂ ಅರ್ಥದಲ್ಲೇ ತಪ್ಪು. ಬಲದ ಮಾನ ನ್ಯೂಟನ್, ಟಾರ್ಕಿನ ಮಾನ ನ್ಯೂಟನ್ ಮೀಟರ್. ಅದು ಬಲವಲ್ಲ, ಬಲವು ತೋಳಿನ ಉದ್ದದೊಡನೆ ಸೇರಿ ಉಂಟುಮಾಡುವ ತಿರುಗಿಸುವ ಗುಣ. ಅಳತೆ ತೋರಿಸುವ ಪಾನಾವನ್ನು ‘ಟಾರ್ಕ್ ಪಾನಾ’ ಎಂದೇ ಕರೆಯಬಹುದು.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಮೂಲ ವಾಕ್ಯದಲ್ಲಿದೆ, ಅದನ್ನು ಯಾರೂ ನೋಡಲಿಲ್ಲ. ಈ ಬಗೆಯ ಯಂತ್ರದಲ್ಲಿ ಬಿಗಿ ಮಾಡಬೇಕಾದದ್ದು ಅಲಗನ್ನಲ್ಲ. ಗೇರ್ ಪೆಟ್ಟಿಗೆಯ ಕೆಳಗೆ ಒಂದು ಅಡ್ಡಪಟ್ಟಿಯೋ ತಟ್ಟೆಯೋ ತಿರುಗುತ್ತದೆ. ಅದರ ತುದಿಗಳಲ್ಲಿ ಒಂದೊಂದು ದಪ್ಪ ಬೋಲ್ಟು, ಆ ಬೋಲ್ಟಿನಲ್ಲಿ ಅಲಗು ತೂಗುತ್ತದೆ. ಬೋಲ್ಟು ತಟ್ಟೆಗೆ ಕಚ್ಚಿ ಕೂರಬೇಕು. ಅಲಗು ಮಾತ್ರ ಬೋಲ್ಟಿನ ಸುತ್ತ ಸಲೀಸಾಗಿ ತಿರುಗಬೇಕು. ತಟ್ಟೆ ವೇಗವಾಗಿ ತಿರುಗಿದಾಗ ಅಲಗು ತಾನೇ ಹೊರಚಾಚಿ ನಿಲ್ಲುತ್ತದೆ, ಕಲ್ಲಿಗೋ ಬೊಡ್ಡೆಗೋ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆ ಹೊಡೆತ ಗೇರ್ ಪೆಟ್ಟಿಗೆಗೆ ಪೂರ್ತಿ ಮುಟ್ಟದಿರುವುದು ಇದರಿಂದಲೇ. ‘ಅಲಗನ್ನು ಬಿಗಿಗೊಳಿಸಿ’ ಎಂದು ಓದಿದವನು ಅಲಗು ಅಲ್ಲಾಡುತ್ತಿದೆಯಲ್ಲ ಎಂದು ಅದು ಕಚ್ಚಿ ನಿಲ್ಲುವವರೆಗೆ ತಿರುಪುತ್ತಾನೆ. ನಟ್ಟೇ ಸಡಿಲವಿದ್ದರೆ ಇನ್ನೊಂದು ಅಪಾಯ: ತೂತು ಸವೆದು ಅಗಲವಾಗುತ್ತದೆ, ಕೊನೆಗೆ ಅಲಗು ಕಳಚಿ ಹಾರಬಹುದು.

ಹಾಗಾಗಿ ಇಲ್ಲಿ ಎರಡು ಕ್ರಿಯಾಪದಗಳನ್ನು ಬೇರೆಬೇರೆ ಇಡಲೇಬೇಕು. ಬೋಲ್ಟು ಅಲುಗಬಾರದು, ಅಲಗು ತಿರುಗಬೇಕು. ‘ಅಲಗು ಅಲುಗಲಿ’ ಎಂಬ ಪ್ರಾಸದ ಆಸೆಗೆ ಬೀಳಬೇಡಿ. ಅಲುಗುವುದು ಎಂದರೆ ನಮ್ಮ ಕಿವಿಗೆ ಸಡಿಲವಾಗಿದೆ ಎಂದೇ ಕೇಳಿಸುತ್ತದೆ. ಹುಲ್ಲುಹಾಸು ಸಮ ಮಾಡುವ ಮೋವರುಗಳಲ್ಲಿ ಅಲಗನ್ನೇ ನಡುವೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ನಿಮ್ಮದು ಯಾವುದೆಂದು ಮೊದಲು ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ.

ಎರವಲಿನ ಮಾತು: ಅಲಗನ್ನು ಮಸೆಯುವ ‘ಸಾಣೆ’ ಸಂಸ್ಕೃತದ ಶಾಣದಿಂದ ಬಂದದ್ದು, ‘ಚಾವಿ’ ಪೋರ್ಚುಗೀಸರದ್ದು. ಅವು ಬಂದಾಗ ಭಾಷೆ ಸವೆಯಲಿಲ್ಲ. ಬೋಲ್ಟು ‘ಬೋಲ್ಟಿನ’, ‘ಬೋಲ್ಟಿಗೆ’ ಎಂದು ನಮ್ಮ ವಿಭಕ್ತಿಗಳನ್ನೆಲ್ಲ ಹೊತ್ತು ನಡೆಯುತ್ತಿದೆ. ಇನ್ನೇನು ಬೇಕು?

ಮರು:

ಚಾವಿ ಬರುವ ಮೊದಲು ಬೀಗಕ್ಕೆ ಕೀಲಿಕೈ ಇರಲಿಲ್ಲವೇ? ಇದ್ದ ಪದವನ್ನು ತಳ್ಳಿ ಬಂದದ್ದನ್ನು ಉದಾಹರಣೆ ಕೊಟ್ಟು ನನ್ನ ವಾದವನ್ನೇ ಗಟ್ಟಿ ಮಾಡಿದ್ದೀರಿ. ಟಾರ್ಕಿನ ವಿಷಯದಲ್ಲಿ ತಪ್ಪು ಒಪ್ಪುತ್ತೇನೆ. ಬೋಲ್ಟಿನ ವಿಷಯದಲ್ಲಿ ಇಲ್ಲ.

ಮರು:

ಎಲ್ಲರಿಗೂ ಕೃತಜ್ಞತೆ. ಚಿತ್ರ ನೋಡಿದೆ, ತೂಗುವ ಅಲಗುಗಳೇ. ಹಳೆಯ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ:

‘ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದಿಟ್ಟುಕೊಳ್ಳಿ. ಅಲಗುಗಳು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಯಂತ್ರಕ್ಕೆ ಕೆಳಗಿನಿಂದ ಗಟ್ಟಿ ಆಧಾರ ಕೊಡದೆ ಅಡಿಗೆ ಹೋಗಬೇಡಿ. ಅಲಗಿನ ಬೋಲ್ಟುಗಳ ನಟ್ ಬಿಗಿಯಾಗಿರಬೇಕು. ಅಲಗು ಬೋಲ್ಟಿನ ಸುತ್ತ ಸಲೀಸಾಗಿ ತಿರುಗಬೇಕು. ಒಂದು ಅಲಗು ಬದಲಿಸಿದರೆ ಜೋಡಿಯನ್ನೂ ಬದಲಿಸಿ.’

ಕೈಪಿಡಿಯಲ್ಲಿ ‘ಪ್ರದಕ್ಷಿಣವಾಗಿ ತಿರುಗಿಸಿ’ ಎಂದಿದ್ದ ಕಡೆ ‘ಕೆಳಗಿನಿಂದ ನೋಡಿದಾಗ’ ಎಂದು ಸೇರಿಸಿದೆ. ಮೇಲಿನಿಂದ ನೋಡುವವನಿಗೆ ಅದೇ ತಿರುವು ಅಪ್ರದಕ್ಷಿಣವಾಗುತ್ತದೆ.

ಕರಡು ಈಗ ಬಂತು. ಅದರಲ್ಲಿ ‘ಅಲುಗಿನ ಬೋಲ್ಟುಗಳ’ ಎಂದು ಬಿದ್ದಿತ್ತು. ಕೊಂಬು ತೆಗೆಸಿದ್ದೇನೆ.